ಹಳದಿ ಕಾರ್ಡು ಮಾಡಿಸಿದ ಕಥೆ

ಕಂಪನಿಯವರು ಘಾನಾಕ್ಕೆ ಹೋಗಬೇಕು ಎಂದಾಗ ನನ್ನ ತಲೆಯಲ್ಲಿದ್ದದ್ದು ವೀಸಾ ಮತ್ತು ಊಟ, ಎರಡೇ. ನಾವು ನೀರಾವರಿ ಪಂಪ್ ಕೂರಿಸುವ ಕೆಲಸದವರು. ಮೂರು ತಿಂಗಳ ಕೆಲಸ. ಅಲ್ಲಿಗೆ ಮೊದಲೇ ಹೋಗಿಬಂದಿದ್ದ ನಮ್ಮ ಸೀನಿಯರ್ ಒಬ್ಬರು, "ಅದೆಲ್ಲ ಆಮೇಲೆ. ಮೊದಲು ಹೋಗಿ ಹಳದಿ ಕಾರ್ಡ್ ಮಾಡಿಸ್ಕೊಳ್ಳಿ. ಅದಿಲ್ಲದೆ ಏನೂ ಮುಂದೆ ಹೋಗಲ್ಲ" ಎಂದರು.

ಹಳದಿ ಕಾರ್ಡ್ ಅಂದರೆ ಹಳದಿ ಜ್ವರದ ಲಸಿಕೆ ಹಾಕಿಸಿಕೊಂಡದ್ದಕ್ಕೆ ಕೊಡುವ ಅಂತರರಾಷ್ಟ್ರೀಯ ಪ್ರಮಾಣಪತ್ರ. ಈ ಲಸಿಕೆ ಎಲ್ಲ ಆಸ್ಪತ್ರೆಯಲ್ಲೂ ಸಿಗುವುದಿಲ್ಲ. ಸರ್ಕಾರ ಗುರುತಿಸಿದ ಕೇಂದ್ರಗಳಲ್ಲಿ ಮಾತ್ರ ಹಾಕುತ್ತಾರೆ. ಬೆಂಗಳೂರಿನ ಒಂದು ಕೇಂದ್ರಕ್ಕೆ ಫೋನ್ ಮಾಡಿದೆ. ಗೊತ್ತುಮಾಡಿದ ದಿನ ಮಾತ್ರ, ಅದೂ ಇಷ್ಟೇ ಜನರಿಗೆ ಎಂದರು. ಯಾಕೆ ಹೀಗೆ ಅಂತ ಆಮೇಲೆ ತಿಳಿಯಿತು. ಒಂದು ಸಣ್ಣ ಬಾಟಲಿಯಲ್ಲಿ ಹಲವರಿಗೆ ಆಗುವಷ್ಟು ಒಣ ಪುಡಿ ಇರುತ್ತದೆ. ಅದಕ್ಕೆ ದ್ರಾವಣ ಬೆರೆಸಿದ ಮೇಲೆ ಕೆಲವೇ ಗಂಟೆಗಳಲ್ಲಿ ಮುಗಿಸಬೇಕು. ಉಳಿದದ್ದನ್ನು ಎಸೆಯಬೇಕು. ಹಾಗಾಗಿ ಜನ ಸೇರಿದ ಮೇಲೆಯೇ ಬಾಟಲಿ ಒಡೆಯುತ್ತಾರೆ.

ಬೆಳಿಗ್ಗೆ ಎಂಟೂವರೆಗೆ ಹೋದೆ. ಪಾಸ್‌ಪೋರ್ಟ್, ಅದರ ಜೆರಾಕ್ಸ್, ತುಂಬಿದ ಫಾರಂ. ಬೆಂಚಿನ ಮೇಲೆ ಹತ್ತು ಹನ್ನೆರಡು ಜನ ಇದ್ದರು. ಹಡಗಿನ ಕೆಲಸಕ್ಕೆ ಹೊರಟ ಮೂವರು ಹುಡುಗರು, ಕೀನ್ಯಾಕ್ಕೆ ಪ್ರಾಣಿ ನೋಡಲು ಹೊರಟ ಗಂಡ ಹೆಂಡತಿ, ನೈಜೀರಿಯಾಕ್ಕೆ ಹೊರಟ ಒಬ್ಬ ಫಾರ್ಮಸಿಸ್ಟ್. ಡಾಕ್ಟರು ಒಬ್ಬೊಬ್ಬರನ್ನೇ ಒಳಗೆ ಕರೆದು ಅದೇ ಪ್ರಶ್ನೆಗಳನ್ನು ಕೇಳುತ್ತಿದ್ದರು. ಮೊಟ್ಟೆ ತಿಂದರೆ ಅಲರ್ಜಿ ಆಗುತ್ತದಾ? ಸ್ಟಿರಾಯ್ಡ್ ಮಾತ್ರೆ ಏನಾದರೂ ತಗೋತಿದ್ದೀರಾ? ಕ್ಯಾನ್ಸರ್, ಎಚ್‌ಐವಿ ಏನಾದರೂ ಇದೆಯಾ? ವಯಸ್ಸು ಅರವತ್ತು ದಾಟಿದೆಯಾ?

ನನ್ನ ಪಾಸ್‌ಪೋರ್ಟ್ ತಿರುವುತ್ತಿದ್ದ ಡಾಕ್ಟರು ಹುಟ್ಟಿದ ಊರಿನ ಹತ್ತಿರ ನಿಂತರು. "ಸೊರಬದವರಾ? ಕ್ಯಾಸನೂರಿನ ಕಡೆ?" ಎಂದು ಕೇಳಿದರು. ಹೌದು ಸರ್, ನಮ್ಮ ಅಜ್ಜಿಯ ಊರು ಆ ಕಾಡಿನ ಪಕ್ಕದಲ್ಲೇ ಎಂದೆ. ಅವರು ಪೆನ್ನು ಕೆಳಗಿಟ್ಟರು.

"ನಿಮ್ಮೂರಿಗೂ ಈ ಇಂಜೆಕ್ಷನ್ನಿಗೂ ಸಂಬಂಧ ಇದೆ, ಗೊತ್ತಾ? 1957ರಲ್ಲಿ ನಿಮ್ಮ ಕಾಡಲ್ಲಿ ಮಂಗಗಳು ಸತ್ತು ಬಿದ್ದಾಗ, ಹಳದಿ ಜ್ವರ ಭಾರತಕ್ಕೆ ಬಂದೇಬಿಟ್ಟಿತು ಅಂತ ಪುಣೆಯ ವಿಜ್ಞಾನಿಗಳು ಹೆದರಿದ್ದರು."

ನನಗೆ ಗೊತ್ತಿರಲಿಲ್ಲ. ಮಂಗನ ಕಾಯಿಲೆ ಗೊತ್ತು. ನಮ್ಮ ಕಡೆ ಯಾರಿಗೆ ಗೊತ್ತಿಲ್ಲ? ಮಳೆ ನಿಂತು ಚಳಿಗಾಲ ಬಂತೆಂದರೆ ಕಾಡಿಗೆ ಹೋಗುವವರು ಕೈಕಾಲಿಗೆ ಉಣುಗು ಹತ್ತದಂತೆ ತಡೆಯುವ ಎಣ್ಣೆ ಹಚ್ಚಿಕೊಂಡು ಹೋಗುತ್ತಾರೆ. ಮುಸಿಯ ಸತ್ತು ಬಿದ್ದಿದೆ ಅಂದರೆ ಇಡೀ ಊರು ಆ ಕಡೆ ಕಾಲಿಡುವುದಿಲ್ಲ. ಆದರೆ ಅದು ಹಳದಿ ಜ್ವರದ ನೆಂಟ, ಎರಡೂ ಒಂದೇ ಕುಲದ ವೈರಸ್ಸು ಅಂತ ಆವತ್ತೇ ನಾನು ಕೇಳಿದ್ದು. ಒಂದನ್ನು ಸೊಳ್ಳೆ ಹರಡುತ್ತದೆ, ಇನ್ನೊಂದನ್ನು ಉಣುಗು ಹರಡುತ್ತದೆ. ಅಷ್ಟು ಹೊತ್ತಿಗೆ ಹಿಂದಿನವರು ಬಾಗಿಲಲ್ಲಿ ಇಣುಕಿದರು. ಡಾಕ್ಟರು ನಗುತ್ತಾ ಸಹಿ ಹಾಕಿ ಕಳಿಸಿದರು.

ಸೂಜಿ ಚುಚ್ಚಿದ್ದು ತೋಳಿನ ಮೇಲ್ಭಾಗದಲ್ಲಿ, ಚರ್ಮದ ಕೆಳಗೆ. ಅರ್ಧ ಮಿಲಿಲೀಟರ್, ಅಷ್ಟೇ. ನೋವು ಇರುವೆ ಕಚ್ಚಿದಷ್ಟು. ಅರ್ಧ ಗಂಟೆ ಅಲ್ಲೇ ಕೂತಿರಿ ಎಂದರು ನರ್ಸಮ್ಮ. ಆಮೇಲೆ ಕಾರ್ಡ್ ಕೊಟ್ಟರು. ಹೆಸರು, ಪಾಸ್‌ಪೋರ್ಟ್ ನಂಬರ್, ಲಸಿಕೆಯ ಬ್ಯಾಚ್ ನಂಬರ್, ಸಹಿ, ಸೀಲು. ಹಾಕಿಸಿಕೊಂಡ ಹತ್ತನೇ ದಿನದಿಂದ ಕಾರ್ಡಿಗೆ ಬೆಲೆ. ಮೊದಲೆಲ್ಲ ಹತ್ತು ವರ್ಷಕ್ಕೊಮ್ಮೆ ಮತ್ತೆ ಹಾಕಿಸಬೇಕಿತ್ತಂತೆ. 2016ರ ಜುಲೈನಿಂದ ಒಂದೇ ಸಲ ಸಾಕು, ಜೀವಮಾನಕ್ಕೆ.

ಮನೆಗೆ ಬಂದು ನೋಡಿದರೆ ಪಾಸ್‌ಪೋರ್ಟ್ ನಂಬರಿನಲ್ಲಿ ಒಂದು ಅಂಕಿ ತಪ್ಪು. ಪೆನ್ನಿನಲ್ಲಿ ತಿದ್ದಿಕೊಂಡರೆ ಆಯಿತಲ್ಲ ಅಂದುಕೊಂಡೆ. ಸುಮ್ನೆ ಹಾಗೆ ಮಾಡದಿದ್ದದ್ದು ಒಳ್ಳೆಯದಾಯಿತು. ಗೀಚಿ ತಿದ್ದಿದ ಕಾರ್ಡು ವಿಮಾನ ನಿಲ್ದಾಣದಲ್ಲಿ ನಡೆಯುವುದಿಲ್ಲ. ಮತ್ತೊಮ್ಮೆ ರಜೆ ಹಾಕಿ ಹೋಗಿ ಹೊಸ ಕಾರ್ಡ್ ಬರೆಸಿಕೊಂಡು ಬಂದೆ. ಇದನ್ನು ಓದುತ್ತಿರುವವರು ಯಾರಾದರೂ ಕಾರ್ಡ್ ಮಾಡಿಸುವವರಿದ್ದರೆ, ಕೌಂಟರ್ ಬಿಡುವ ಮೊದಲೇ ಪ್ರತಿ ಅಕ್ಷರ ನೋಡಿಕೊಳ್ಳಿ.

ಆರನೇ ದಿನ ಮೈ ಬಿಸಿಯಾಯಿತು. ಸೊಂಟ ನೋವು, ತಲೆ ಭಾರ. ಕೆಲವರಿಗೆ ಹಾಗಾಗುತ್ತದೆ, ಹೆದರಬೇಡಿ ಎಂದು ಮೊದಲೇ ಹೇಳಿದ್ದರು. ಎರಡು ದಿನ ಗಂಜಿ ಕುಡಿದು ಮಲಗಿದೆ. ಆ ಎರಡು ದಿನ ನಾನು ಓದಿದ್ದು ಒಂದೇ ವಿಷಯ. ಮೊಟ್ಟೆಯ ಪ್ರಶ್ನೆ ಯಾಕೆ? ಹತ್ತು ದಿನ ಯಾಕೆ? ವಾಪಸ್ ಬರುವಾಗ ಕಾರ್ಡ್ ಇಲ್ಲದಿದ್ದರೆ ಆರು ದಿನ ಪ್ರತ್ಯೇಕ ಇಡುತ್ತಾರಂತೆ, ಆ ಆರು ಎಲ್ಲಿಂದ ಬಂತು? ಓದುತ್ತಾ ಹೋದಂತೆ ಮೈ ಜುಂ ಎಂದಿತು. ಕಾರ್ಡಿನ ಒಂದೊಂದು ನಿಯಮದ ಹಿಂದೆಯೂ ಯಾರೋ ಒಬ್ಬರು ಹಾಸಿಗೆ ಹಿಡಿದಿದ್ದಾರೆ. ಕೆಲವರು ಏಳಲೇ ಇಲ್ಲ.

ಈ ಜ್ವರ ಬಂದವರ ಕಣ್ಣು, ಮೈ ಹಳದಿಯಾಗುತ್ತದೆ. ಜಾಸ್ತಿಯಾದರೆ ಕಪ್ಪು ವಾಂತಿ. ಅದು ಹೊಟ್ಟೆಯೊಳಗೆ ಸೋರಿದ ರಕ್ತ. 1793ರಲ್ಲಿ ಅಮೆರಿಕದ ಫಿಲಡೆಲ್ಫಿಯಾದಲ್ಲಿ ಸುಮಾರು 5,000 ಜನ ಇದರಿಂದ ಸತ್ತರು. ಕೊಳೆತ ಗಾಳಿಯಿಂದ ಬರುತ್ತದೆ, ರೋಗಿಯ ಬಟ್ಟೆಯಿಂದ ಬರುತ್ತದೆ ಎಂದೇ ನೂರು ವರ್ಷ ಎಲ್ಲರೂ ನಂಬಿದ್ದರು.

ಸೊಳ್ಳೆ ಎಂದು ಬಾಯಿಬಿಟ್ಟು ಹೇಳಿದವರು ಕ್ಯೂಬಾದ ಡಾಕ್ಟರು ಕಾರ್ಲೋಸ್ ಫಿನ್ಲೇ. 1881ರ ಆಗಸ್ಟಿನಲ್ಲಿ ಹವಾನಾದ ವಿಜ್ಞಾನ ಅಕಾಡೆಮಿಯ ಮುಂದೆ ನಿಂತು ಹೇಳಿದರು. ಅದೂ ಯಾವುದೋ ಸೊಳ್ಳೆ ಅಲ್ಲ, ಈಗ ನಾವು ಈಡಿಸ್ ಈಜಿಪ್ಟಿ ಎನ್ನುವ ಸೊಳ್ಳೆಯನ್ನೇ ತೋರಿಸಿದರು. ನಮ್ಮ ಮನೆಯ ಹೂಕುಂಡದ ತಟ್ಟೆಯಲ್ಲಿ ಹುಟ್ಟಿ ಡೆಂಗಿ ತರುತ್ತದಲ್ಲ, ಅದೇ. ಯಾರೂ ಒಪ್ಪಲಿಲ್ಲ. ಸ್ವಯಂಸೇವಕರಿಗೆ ಸೊಳ್ಳೆ ಕಚ್ಚಿಸಿ ತೋರಿಸಲು ವರ್ಷಗಟ್ಟಲೆ ಪ್ರಯತ್ನಿಸಿದರೂ ಅವರಿಗೆ ಗಟ್ಟಿ ಪುರಾವೆ ಸಿಗಲಿಲ್ಲ. ಎಡವಿದ್ದು ದಿನಗಳ ಲೆಕ್ಕದಲ್ಲಿ. ರೋಗಿಯ ರಕ್ತ ಕುಡಿದ ಸೊಳ್ಳೆಯನ್ನು ಅವರು ಬೇಗ ಕಚ್ಚಿಸಿಬಿಡುತ್ತಿದ್ದರು. ವೈರಸ್ಸು ಸೊಳ್ಳೆಯೊಳಗೆ ಬೆಳೆದು ಅದರ ಎಂಜಲಿಗೆ ಬರಲು ಹನ್ನೆರಡು ದಿನದಷ್ಟು ಬೇಕು. ಹತ್ತೊಂಬತ್ತು ವರ್ಷ ಒಂದು ಸರಿಯಾದ ಮಾತನ್ನು ಹಿಡಿದುಕೊಂಡು ಒಬ್ಬಂಟಿಯಾಗಿ ನಿಂತ ಮನುಷ್ಯ ಅವರು. ನನಗೆ ಅವರ ಮೇಲೆ ತುಂಬಾ ಗೌರವ ಬಂತು.

ಈ ಕಾಯುವ ದಿನಗಳ ಗುಟ್ಟು ಹಿಡಿದವರು ಅಮೆರಿಕದ ಡಾಕ್ಟರು ಹೆನ್ರಿ ರೋಸ್ ಕಾರ್ಟರ್. 1898ರಲ್ಲಿ ಮಿಸಿಸಿಪ್ಪಿಯ ಹಳ್ಳಿಗಳಲ್ಲಿ ಮನೆಮನೆ ಲೆಕ್ಕ ಹಾಕಿ, ಮೊದಲ ರೋಗಿಗೂ ಎರಡನೆಯವರಿಗೂ ನಡುವೆ ಎರಡು ವಾರಕ್ಕೂ ಹೆಚ್ಚು ಖಾಲಿ ಇರುತ್ತದೆ ಎಂದು ಬರೆದಿಟ್ಟರು. ಅದರ ಹಿಂದಿನ ವರ್ಷವೇ ರೊನಾಲ್ಡ್ ರಾಸ್ ಸಿಕಂದರಾಬಾದಿನಲ್ಲಿ ಮಲೇರಿಯಾ ಸೊಳ್ಳೆಯನ್ನು ಹಿಡಿದಿದ್ದರು. ರಾಸ್ ಅದಕ್ಕೂ ಮೊದಲು ನಮ್ಮ ಬೆಂಗಳೂರಿನಲ್ಲಿ ಕೆಲಸ ಮಾಡಿದವರು. ಸೊಳ್ಳೆಯ ಮಾತನ್ನು ಇನ್ನು ಯಾರೂ ತಳ್ಳಿಹಾಕುವಂತಿರಲಿಲ್ಲ.

1900ರ ಜೂನ್‌ನಲ್ಲಿ ಅಮೆರಿಕದ ಸೈನ್ಯ ನಾಲ್ವರು ಡಾಕ್ಟರುಗಳ ತಂಡವನ್ನು ಹವಾನಾಕ್ಕೆ ಕಳಿಸಿತು. ವಾಲ್ಟರ್ ರೀಡ್, ಜೇಮ್ಸ್ ಕ್ಯಾರಲ್, ಜೆಸ್ಸಿ ಲಾಜಿಯರ್, ಅರಿಸ್ಟಿಡೆಸ್ ಅಗ್ರಮೊಂಟೆ. ಫಿನ್ಲೇ ತಮ್ಮ ಹತ್ತಿರವಿದ್ದ ಸೊಳ್ಳೆ ಮೊಟ್ಟೆಗಳನ್ನು ಅವರ ಕೈಗೆ ಕೊಟ್ಟರು. ನನ್ನನ್ನು ಇಷ್ಟು ವರ್ಷ ನಂಬಲಿಲ್ಲ ಎಂಬ ಸಿಟ್ಟು ಇಟ್ಟುಕೊಳ್ಳಲಿಲ್ಲ ನೋಡಿ. ಆ ಮೊಟ್ಟೆಗಳಿಂದಲೇ ಎಲ್ಲ ಶುರುವಾಯಿತು.

ಆಗಸ್ಟ್ 27ಕ್ಕೆ ಕ್ಯಾರಲ್ ತಮ್ಮ ಕೈಯನ್ನೇ ಒಡ್ಡಿದರು. ಆ ಸೊಳ್ಳೆ ಹನ್ನೆರಡು ದಿನದ ಹಿಂದೆ ಜೋರು ಕಾಯಿಲೆಯ ರೋಗಿಯೊಬ್ಬರನ್ನು ಕಚ್ಚಿತ್ತು. ಕ್ಯಾರಲ್ ಸಾವಿನ ಬಾಗಿಲಿಗೆ ಹೋಗಿ ಬಂದರು. ಲಾಜಿಯರ್‌ಗೆ ಸೆಪ್ಟೆಂಬರಿನಲ್ಲಿ ಜ್ವರ ಬಂತು. 25ಕ್ಕೆ ತೀರಿಕೊಂಡರು. ವಯಸ್ಸು 34. ಅಮೆರಿಕದಲ್ಲಿ ಅವರ ಹೆಂಡತಿಗೆ ಆಗಷ್ಟೇ ಎರಡನೇ ಮಗು ಹುಟ್ಟಿತ್ತು. ಅವರು ಆ ಮಗುವಿನ ಮುಖ ನೋಡಲೇ ಇಲ್ಲ. ಇದನ್ನು ಓದುವಾಗ ನನ್ನ ಮಗಳು ಪಕ್ಕದಲ್ಲೇ ಮಲಗಿದ್ದಳು. ಮುಂದೆ ಓದಲು ಸ್ವಲ್ಪ ಹೊತ್ತು ಬೇಕಾಯಿತು.

ನವೆಂಬರಿನಲ್ಲಿ ರೀಡ್, ತೀರಿಕೊಂಡ ಲಾಜಿಯರ್ ಹೆಸರಿನಲ್ಲೇ ಬಯಲಲ್ಲಿ ಒಂದು ಶಿಬಿರ ಹಾಕಿದರು, ಕ್ಯಾಂಪ್ ಲಾಜಿಯರ್. ಎರಡು ಮರದ ಮನೆ ಕಟ್ಟಿಸಿದರು. ಒಂದರಲ್ಲಿ ರೋಗಿಗಳ ವಾಂತಿ, ಮಲ ಅಂಟಿದ ಹಾಸಿಗೆ ಬಟ್ಟೆ ತುಂಬಿದರು. ಒಂದೂ ಸೊಳ್ಳೆ ಇಲ್ಲ. ಮೂವರು ಅದರಲ್ಲಿ 20 ರಾತ್ರಿ ಮಲಗಿದರು. ಒಬ್ಬರಿಗೂ ಜ್ವರ ಬರಲಿಲ್ಲ. ಇನ್ನೊಂದು ಮನೆ ಪೂರ್ತಿ ಸ್ವಚ್ಛ. ನಡುವೆ ತಂತಿ ಜಾಲರಿ, ಒಂದು ಬದಿಯಲ್ಲಿ ಮಾತ್ರ ಸೊಳ್ಳೆ. ಡಿಸೆಂಬರ್ 21ಕ್ಕೆ ಜಾನ್ ಮೊರಾನ್ ಎಂಬ ಯುವಕ ಸೊಳ್ಳೆಯ ಕಡೆ ಹೋಗಿ ಮಲಗಿದ. ಕ್ರಿಸ್‌ಮಸ್ ದಿನ ಜ್ವರ ಬಂತು. ಜಾಲರಿಯ ಈಚೆ ಮಲಗಿದವರಿಗೆ ಏನೂ ಆಗಲಿಲ್ಲ. ನೂರು ವರ್ಷದ ನಂಬಿಕೆ ಅಲ್ಲಿಗೆ ಮುಗಿಯಿತು. ಕಚ್ಚಿದ ದಿನ, ಜ್ವರ ಬಂದ ದಿನ, ಎಲ್ಲ ಅಲ್ಲಿ ಪಕ್ಕಾ ಬರೆದಿಟ್ಟಿದ್ದರು. ಮೂರರಿಂದ ಆರು ದಿನ. ವಿಮಾನ ನಿಲ್ದಾಣದ ಆರು ದಿನಕ್ಕೆ ಬೇರು ಇದೇ ಲೆಕ್ಕ.

ಒಂದು ವಿಷಯ ಮಾತ್ರ ನನ್ನನ್ನು ಕಾಡಿತು. ಮೊರಾನ್ ಮತ್ತು ಕಿಸಿಂಜರ್ ಎಂಬ ಸೈನಿಕ ಹಣ ಬೇಡ ಎಂದರು. ಆದರೆ ಸ್ಪೇನಿನಿಂದ ಹೊಟ್ಟೆಪಾಡಿಗೆ ಬಂದಿದ್ದವರಿಗೆ 100 ಡಾಲರ್ ಚಿನ್ನ, ಜ್ವರ ಬಂದರೆ ಇನ್ನೂ 100. ಅವರ ಭಾಷೆಯಲ್ಲೇ ಒಪ್ಪಿಗೆ ಪತ್ರ ಬರೆಸಿಕೊಂಡಿದ್ದರು. ಆ ಕಾಲಕ್ಕೆ ಅದು ದೊಡ್ಡ ಮಾತು, ಸರಿ. ಆದರೂ ಕೈಯಲ್ಲಿ ಕಾಸಿಲ್ಲದವನ ಒಪ್ಪಿಗೆ ಎಷ್ಟು ಒಪ್ಪಿಗೆ? ಮರುವರ್ಷ ಹವಾನಾದಲ್ಲೇ ಇನ್ನೊಂದು ಪ್ರಯೋಗದಲ್ಲಿ ಕ್ಲಾರಾ ಮಾಸ್ ಎಂಬ ನ್ಯೂಜೆರ್ಸಿಯ ನರ್ಸ್ ಸೊಳ್ಳೆ ಕಚ್ಚಿಸಿಕೊಂಡರು. 1901ರ ಆಗಸ್ಟ್ 24ಕ್ಕೆ ತೀರಿಕೊಂಡರು. ಬರೀ 25 ವರ್ಷ. ಆ ಸಾವಿನ ಮೇಲೆ ಎದ್ದ ಕೂಗಿಗೆ ಅಲ್ಲಿ ಮನುಷ್ಯರ ಮೇಲಿನ ಪ್ರಯೋಗ ನಿಂತಿತು. ಇಂಜೆಕ್ಷನ್ ಕೊಟ್ಟ ನಮ್ಮ ನರ್ಸಮ್ಮನ ಮುಖ ಆಗ ನೆನಪಾಯಿತು.

ಸೊಳ್ಳೆ ಹುಟ್ಟುವ ನೀರನ್ನು ಮುಚ್ಚಿಸಿ ಅಮೆರಿಕದ ಸೈನ್ಯದ ಡಾಕ್ಟರು ವಿಲಿಯಂ ಗೋರ್ಗಸ್ ಹವಾನಾವನ್ನು ಸ್ವಚ್ಛ ಮಾಡಿದರು, ಆಮೇಲೆ ಪನಾಮಾ ಕಾಲುವೆಯ ಜಾಗವನ್ನೂ. ಆದರೆ ರೋಗಕ್ಕೆ ಕಾರಣವಾದದ್ದು ಯಾರ ಕಣ್ಣಿಗೂ ಬಿದ್ದಿರಲಿಲ್ಲ. ಅದು ಬ್ಯಾಕ್ಟೀರಿಯಾ ತಡೆಯುವ ಸಣ್ಣ ಫಿಲ್ಟರನ್ನೂ ದಾಟಿಹೋಗುತ್ತದೆ ಎಂದು ಕ್ಯಾರಲ್ 1901ರಲ್ಲೇ ತೋರಿಸಿದ್ದರು. ಅದನ್ನು ಪ್ರಯೋಗಾಲಯದಲ್ಲಿ ಬದುಕಿಸಿಟ್ಟುಕೊಳ್ಳುವ ದಾರಿ ಮಾತ್ರ ಇರಲಿಲ್ಲ. ಇಲ್ಲಿಂದ ಕಥೆ ನಾನು ಹೊರಟಿದ್ದ ಊರಿಗೆ ಬರುತ್ತದೆ.

ರಾಕ್‌ಫೆಲ್ಲರ್ ಫೌಂಡೇಶನ್ ಪಶ್ಚಿಮ ಆಫ್ರಿಕಾದಲ್ಲಿ ಒಂದು ತಂಡ ಇಟ್ಟಿತ್ತು. ನೈಜೀರಿಯಾದ ಲ್ಯಾಗೋಸ್ ಹತ್ತಿರ ಲ್ಯಾಬು. 1927ರ ಜೂನ್ 30ಕ್ಕೆ ಆಗಿನ ಗೋಲ್ಡ್ ಕೋಸ್ಟ್, ಅಂದರೆ ಈಗಿನ ಘಾನಾದ ಕ್‌ಪೆವೆ ಎಂಬ ಊರಿನಲ್ಲಿ ಜ್ವರ ಬಂದಿದ್ದ ಒಬ್ಬ ವ್ಯಕ್ತಿಯ ರಕ್ತ ತೆಗೆದರು. ಹೆಸರು ಅಸಿಬಿ. ವಯಸ್ಸು 28. ಅವನಿಗೆ ಬಂದದ್ದು ಸಣ್ಣ ಜ್ವರ, ಗುಣವಾಯಿತು. ಆ ರಕ್ತವನ್ನು ಬೇರೆ ಪ್ರಾಣಿಗಳಿಗೆ ಕೊಟ್ಟಾಗ ಏನೂ ಆಗಲಿಲ್ಲ. ಭಾರತದ ರೀಸಸ್ ಕೋತಿಗೆ ಕೊಟ್ಟಾಗ ಅದು ಜ್ವರ ಬಂದು ಸತ್ತಿತು.

ನಾನು ಆ ಸಾಲನ್ನು ಮತ್ತೆ ಮತ್ತೆ ಓದಿದೆ. ನಮ್ಮ ದೇಶದ ಕೋತಿ! ಆಫ್ರಿಕಾದ ಕೋತಿಗಳಿಗೆ ಈ ರೋಗ ಹಳೆಯ ಪರಿಚಯ, ಅವು ತಡೆದುಕೊಳ್ಳುತ್ತವೆ. ನಮ್ಮಲ್ಲಿ ಹಳದಿ ಜ್ವರ ಎಂದೂ ಬಂದಿಲ್ಲ. ಹಾಗಾಗಿ ನಮ್ಮ ಕೋತಿಗೂ ತಾಕತ್ತಿಲ್ಲ, ನಮಗೂ ಇಲ್ಲ. ಸೊಳ್ಳೆ ಮಾತ್ರ ಊರ ತುಂಬ ಇದೆ. ಭಾರತ ಈ ಕಾರ್ಡಿನ ವಿಷಯದಲ್ಲಿ ಇಷ್ಟು ಕಟ್ಟುನಿಟ್ಟು ಯಾಕೆ ಅಂತ ಆಗ ಅರ್ಥವಾಯಿತು. ಕ್ಯಾಸನೂರಿನಲ್ಲಿ ಮಂಗ ಸತ್ತಾಗ ಪುಣೆಯವರ ಎದೆ ಯಾಕೆ ಝಲ್ ಎಂದಿತು ಅಂತಲೂ ಗೊತ್ತಾಯಿತು.

ಆ ಲ್ಯಾಬಿನಲ್ಲಿ ಕೋತಿಗಳ ಜೊತೆ ಕೆಲಸ ಮಾಡುತ್ತಿದ್ದ ಏಡ್ರಿಯನ್ ಸ್ಟೋಕ್ಸ್ ಅದೇ ಸೆಪ್ಟೆಂಬರಿನಲ್ಲಿ ಜ್ವರಕ್ಕೆ ಬಿದ್ದರು. ಮಲಗಿದಲ್ಲೇ, ನನ್ನ ರಕ್ತ ತೆಗೆಯಿರಿ, ನನ್ನ ಮೇಲೆ ಸೊಳ್ಳೆ ಬಿಡಿ ಎಂದು ಕೇಳಿಕೊಂಡರು. 19ಕ್ಕೆ ತೀರಿಕೊಂಡರು. ಮರುವರ್ಷ ಘಾನಾದ ಆಕ್ರಾದಲ್ಲಿ ಜಪಾನಿನ ವಿಜ್ಞಾನಿ ಹಿಡೆಯೊ ನೊಗುಚಿ, ಮೇ 21ಕ್ಕೆ. ಅವರ ದೇಹ ಪರೀಕ್ಷೆ ಮಾಡಿದ ವಿಲಿಯಂ ಯಂಗ್, ಒಂಬತ್ತು ದಿನ ಬಿಟ್ಟು.

ಉಳಿದ ಕೆಲಸ ಮುಗಿಸಿದ್ದು ದಕ್ಷಿಣ ಆಫ್ರಿಕಾದಲ್ಲಿ ಹುಟ್ಟಿದ ಮ್ಯಾಕ್ಸ್ ಥೈಲರ್. ಅವರಿಗೂ ಲ್ಯಾಬಿನಲ್ಲೇ ಜ್ವರ ತಗುಲಿತ್ತು, ಪುಣ್ಯಕ್ಕೆ ಬದುಕಿದರು. ನ್ಯೂಯಾರ್ಕಿನಲ್ಲಿ ಅಸಿಬಿಯ ವೈರಸ್ಸನ್ನು ಅವರ ತಂಡ ಮೊದಲು ಇಲಿ ಭ್ರೂಣದಲ್ಲಿ, ಆಮೇಲೆ ಕೋಳಿ ಭ್ರೂಣದಲ್ಲಿ, ಆಮೇಲೆ ಮಿದುಳು, ಬೆನ್ನುಹುರಿ ತೆಗೆದ ಕೋಳಿ ಭ್ರೂಣದಲ್ಲಿ ಬೆಳೆಸುತ್ತಾ ಹೋಯಿತು. ನೂರಕ್ಕೂ ಹೆಚ್ಚು ಸಲ. ದಾರಿಯಲ್ಲಿ ಎಲ್ಲೋ ಅದು ತನ್ನ ವಿಷ ಕಳೆದುಕೊಂಡಿತು. 1937ರಲ್ಲಿ ಪ್ರಕಟಿಸಿದರು. ಹೆಸರು 17ಡಿ. ಇವತ್ತಿಗೂ ಅದರ ಸಂತತಿಯನ್ನೇ ಮೊಟ್ಟೆಯೊಳಗಿನ ಕೋಳಿ ಭ್ರೂಣದಲ್ಲಿ ಬೆಳೆಸುತ್ತಾರೆ. ಅದಕ್ಕೇ ಆ ಮೊಟ್ಟೆಯ ಪ್ರಶ್ನೆ. ಥೈಲರ್‌ಗೆ 1951ರಲ್ಲಿ ನೊಬೆಲ್ ಬಂತು. ನಡುವೆ ದೊಡ್ಡ ಪೆಟ್ಟೂ ಬಿತ್ತು. 1942ರಲ್ಲಿ ಲಸಿಕೆಗೆ ಬೆರೆಸುತ್ತಿದ್ದ ಮನುಷ್ಯರ ಸೀರಮ್ಮಿನಿಂದ ಹೆಪಟೈಟಿಸ್ ಬಿ ಹರಡಿ, ಅಮೆರಿಕದ ಸುಮಾರು 50,000 ಸೈನಿಕರು ಕಾಮಾಲೆಯಿಂದ ಆಸ್ಪತ್ರೆ ಸೇರಿದರು. ಅಲ್ಲಿಂದ ಸೀರಮ್ ಬಿಟ್ಟರು.

ಇದು ಸತ್ತ ವೈರಸ್ಸಲ್ಲ, ಜೀವಂತ ವೈರಸ್ಸು. ಮೈಯಲ್ಲಿ ಸ್ವಲ್ಪ ಬೆಳೆದು, ಹತ್ತು ದಿನದೊಳಗೆ ರಕ್ಷಣೆ ಕೊಡುತ್ತದೆ. ಅಂದರೆ ಆ ಎರಡು ದಿನ ನನ್ನ ಮೈ ಸುಡುತ್ತಿದ್ದದ್ದು ಅಸಿಬಿಯ ಜ್ವರದ ಮರಿಮಕ್ಕಳಿಂದ. ಕಂಬಳಿ ಹೊದ್ದು ಮಲಗಿದ್ದವನಿಗೆ ಅದು ತುಂಬಾ ಹತ್ತಿರದ ಸಂಗತಿ ಅನ್ನಿಸಿತು.

ಆಕ್ರಾದ ವಿಮಾನ ನಿಲ್ದಾಣದಲ್ಲಿ ಪಾಸ್‌ಪೋರ್ಟಿಗಿಂತ ಮೊದಲು ಕೇಳಿದ್ದೇ ಹಳದಿ ಕಾರ್ಡು. ಒಂದು ಭಾನುವಾರ ಕೊರ್ಲೆ ಬು ಆಸ್ಪತ್ರೆಗೆ ಹೋದೆ. ನೊಗುಚಿ ಕೆಲಸ ಮಾಡಿದ ಜಾಗ ಅದು. ಅವರ ನೆನಪಿಗೆ ಅಲ್ಲೊಂದು ಜಪಾನಿ ತೋಟ ಇದೆ. ಮಗುವಾಗಿದ್ದಾಗ ಒಲೆಗೆ ಬಿದ್ದು ಎಡಗೈ ಸುಟ್ಟುಕೊಂಡ ಬಡವರ ಮನೆ ಹುಡುಗ, ಜಗತ್ತಿನ ದೊಡ್ಡ ವಿಜ್ಞಾನಿಯಾದ. ಹಳದಿ ಜ್ವರಕ್ಕೆ ಕಾರಣ ತನಗೆ ಸಿಕ್ಕಿದೆ ಎಂದು ಹತ್ತು ವರ್ಷ ನಂಬಿದ್ದ. ಅದು ನಿಜಕ್ಕೂ ನಮ್ಮ ಕಡೆಯ ಇಲಿ ಜ್ವರದ ಸೂಕ್ಷ್ಮಾಣು ಎಂದು ತೋರಿಸಿದವರಲ್ಲಿ ಥೈಲರ್ ಕೂಡ ಒಬ್ಬರು. ನೊಗುಚಿ ಆ ಅನುಮಾನ ತೀರಿಸಿಕೊಳ್ಳಲು ಆಫ್ರಿಕಾಕ್ಕೇ ಬಂದರು. ತಪ್ಪಿದ್ದರು, ಹೌದು. ಆದರೆ ಉತ್ತರ ಹುಡುಕಿಕೊಂಡು ರೋಗದ ಬಾಯಿಗೇ ಹೋದರಲ್ಲ. ಅವರ ಹೆಸರಿನಲ್ಲಿ ಲೆಗೋನ್‌ನಲ್ಲಿ 1979ರಿಂದ ಒಂದು ಸಂಶೋಧನಾ ಸಂಸ್ಥೆ ನಡೆಯುತ್ತಿದೆ. ಜಪಾನಿನ 1,000 ಯೆನ್ ನೋಟಿನ ಮೇಲೂ ಎಷ್ಟೋ ವರ್ಷ ಅವರ ಮುಖ ಇತ್ತು.

ಕ್‌ಪೆವೆಗೆ ಹೋಗಿದ್ದು ಕೆಲಸದ ನೆಪದಲ್ಲಿ. ಹೋ ಪಟ್ಟಣದಿಂದ ಹೊಹೊಯೆ ಕಡೆ ಹೋಗುವ ದಾರಿಯಲ್ಲಿ ಸಿಗುತ್ತದೆ. ಹಸಿರು ಗುಡ್ಡ, ಕೆಂಪು ಮಣ್ಣು, ಬಾಳೆ. ಒಂದು ಕ್ಷಣ ಸಾಗರದ ದಾರಿಯೇ ಅನ್ನಿಸಿತು. ಚಹಾಕ್ಕೆ ಅಂತ ಗಾಡಿ ನಿಲ್ಲಿಸಿದಾಗ ನಾನು ರಸ್ತೆ ಬದಿಯಲ್ಲಿ ಸುಮ್ಮನೆ ನಿಂತೆ. ಇಲ್ಲೇ ಎಲ್ಲೋ ಒಂದು ಮನೆಯಲ್ಲಿ ಒಬ್ಬ ಮಲಗಿದ್ದ. ಹೊರಗಿನಿಂದ ಬಂದವರು ಕೈ ಚಾಚು ಎಂದರು. ಚಾಚಿದ. ಅವನ ಹೆಸರನ್ನು ವೈರಸ್ಸಿಗೆ ಇಟ್ಟರು. ಅವನ ಬಗ್ಗೆ ನಾನು ಓದಿದ್ದರಲ್ಲಿ ಹೆಸರು, ವಯಸ್ಸು, ಊರು ಬಿಟ್ಟರೆ ಬೇರೇನೂ ಇರಲಿಲ್ಲ. ಕೋಟಿಗಟ್ಟಲೆ ಜನರ ತೋಳಿನೊಳಗೆ ಹೋದದ್ದು ಅವನಿಂದ ಬಂದದ್ದು.

ವಾಪಸ್ ಬಂದಾಗ ಬೆಂಗಳೂರಿನಲ್ಲಿ ಕಾರ್ಡ್ ನೋಡಿ, ನಂಬರ್ ಹೋಲಿಸಿ, ಎರಡೇ ನಿಮಿಷದಲ್ಲಿ ಬಿಟ್ಟರು. ಮರುವಾರ ಊರಿಗೆ ಹೋದೆ. ಅಜ್ಜಿ ಜಗಲಿಯಲ್ಲಿ ಅಡಿಕೆ ಕತ್ತರಿಸುತ್ತಿದ್ದರು. ಪುಣೆಯವರು ಬಂದಾಗ ಅಜ್ಜಿಗೆ ಹತ್ತು ಹನ್ನೊಂದು ವರ್ಷ. ಜೀಪು ಬಂದದ್ದು, ಸತ್ತ ಮಂಗಗಳನ್ನು ಹುಡುಕಿ ಒಯ್ದದ್ದು, ಮನೆಮನೆಯಲ್ಲಿ ರಕ್ತ ತೆಗೆದದ್ದು, ಎಲ್ಲ ನೆನಪಿದೆ. "ನನ್ನ ಅಪ್ಪಯ್ಯನ ಕೈಯಿಂದನೂ ತೆಗ್ದ್ರು. ಎಂತಕ್ಕೆ ಅಂತ ಕೇಳೋಕೂ ಗೊತ್ತಿರಲಿಲ್ಲ ನಮಗೆ" ಎಂದರು.

ನಾನು ಅಸಿಬಿಯ ಕಥೆ ಹೇಳಿದೆ. ಅಜ್ಜಿ ಅಡಕತ್ತರಿ ಕೆಳಗಿಟ್ಟು ಕೇಳಿದರು.

"ಅವ ಬದುಕಿದನಾ ಮಗಾ?"

"ಬದುಕಿದ ಅಜ್ಜಿ."

"ಮತ್ತೆ ಆ ಮಂಗ?"

"ಅದು ಸತ್ತಿತು."

ಅಜ್ಜಿ ಸ್ವಲ್ಪ ಹೊತ್ತು ಕಾಡಿನ ಕಡೆ ನೋಡುತ್ತಾ ಕೂತರು. ಆಮೇಲೆ ನನ್ನ ತೋಳು ಹಿಡಿದು, "ಎಲ್ಲಿ ಚುಚ್ಚಿದ್ರು, ತೋರ್ಸು" ಎಂದರು. ಅಲ್ಲಿ ಕಲೆ ಏನೂ ಇರಲಿಲ್ಲ. ಇಲ್ಲೇ ಅಂತ ಬೆರಳಿಟ್ಟು ತೋರಿಸಿದೆ. ಅಜ್ಜಿ ಅದರ ಮೇಲೆ ಒಮ್ಮೆ ಕೈಯಾಡಿಸಿ ಮತ್ತೆ ಅಡಿಕೆ ಕೈಗೆತ್ತಿಕೊಂಡರು.